ಗುಂಡಿಯ ಬಾಯಲ್ಲಿ ಬಿಟ್ಟ ಚಪ್ಪಲಿ

ಆ ವಾಸನೆ ಸೋಪಿಗೆ ಹೋಗುವಂಥದ್ದಲ್ಲ. ಚರ್ಮ ಹದ ಮಾಡುವ ಕಾರ್ಖಾನೆಯ ರಾಡಿ ಗುಂಡಿಗೆ ಇಳಿದು ಬಂದವನನ್ನು ಹೆಂಡತಿ ಹಿತ್ತಲಲ್ಲಿ ಕೂರಿಸಿ ಮೊದಲು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತಾಳೆ. ಆಮೇಲೆ ಬೂದಿ, ಆಮೇಲೆ ಸೋಪು. ಚರ್ಮದಿಂದ ಕೆರೆದ ಕೂದಲು, ಕೊಳೆತ ಮಾಂಸದ ಚೂರು, ಸುಣ್ಣ ಎಲ್ಲವೂ ಉಗುರಿನ ಸಂದಿಯಲ್ಲಿ ಸೇರಿಕೊಂಡು ಗಟ್ಟಿಯಾಗಿರುತ್ತವೆ. ಇಷ್ಟು ತಿಕ್ಕಿಸಿಕೊಂಡ ಮೇಲೂ ಅವನು ಊಟಕ್ಕೆ ಕೂತರೆ ಮಕ್ಕಳು ತಟ್ಟೆ ಎತ್ತಿಕೊಂಡು ಅತ್ತ ಸರಿಯುತ್ತವೆ. ಅವನು ನೋಡಿಯೂ ನೋಡದವನ ಹಾಗೆ ಉಣ್ಣುತ್ತಾನೆ.

ಹಾಗೆ ತಟ್ಟೆ ಎತ್ತಿಕೊಂಡು ಸರಿಯುತ್ತಿದ್ದ ಒಬ್ಬ ಮಗಳು ಈಗ ಪೊಲೀಸ್ ಇನ್‌ಸ್ಪೆಕ್ಟರ್ ಆಗಿದ್ದಳು. ಅಪ್ಪ ಅವಳ ಚಿಕ್ಕಂದಿನಲ್ಲೇ ಆ ಗುಂಡಿಯಲ್ಲಿ ಸತ್ತ. ಅಮ್ಮ ಆಮೇಲೆ ಹೆಚ್ಚು ಕಾಲ ಬಾಳಲಿಲ್ಲ. ಸಾಕಿ ಓದಿಸಿದವರು ಚಿಕ್ಕಪ್ಪ, ಚಿಕ್ಕಮ್ಮ. ಅವಳಿಗೆ ಕೊಟ್ಟಿದ್ದು ಹಳೇ ಕೇಸುಗಳ ವಿಭಾಗ. ವಿಭಾಗ ಅಂದರೆ ಠಾಣೆಯ ಕಕ್ಕಸಿಗೆ ಅಂಟಿಕೊಂಡ ಒಂದು ಕೋಣೆ. ಯಾರಿಗೂ ಬೇಡವಾದ ಹೆಣಗಳನ್ನು ಯಾರಿಗೂ ಬೇಡವಾದ ಅಧಿಕಾರಿಗೆ ಒಪ್ಪಿಸುವುದು ಆ ಠಾಣೆಯ ಪದ್ಧತಿ.

ಒಂದು ದಿನ ಸಾಹೇಬರು ಕರೆಸಿದರು. "ಬನ್ನಿ, ಕೂತ್ಕೊಳ್ಳಿ" ಎಂದರು. ಯಾವಾಗಲೂ ನಿಲ್ಲಿಸಿಯೇ ಮಾತಾಡುವ ಮನುಷ್ಯ ಕೂತ್ಕೊಳ್ಳಿ ಅಂದಾಗಲೇ ಅವಳಿಗೆ ಏನೋ ಇದೆ ಅನ್ನಿಸಿತು. ಬಿಸ್ಕತ್ತಿನ ತಟ್ಟೆ ಅವಳ ಕಡೆ ತಳ್ಳಿ, ಅದರ ಹಿಂದೆಯೇ ಒಂದು ಫೈಲು ತಳ್ಳಿದರು.

"ಇದನ್ನ ಮತ್ತೆ ತೆಗೀಬೇಕು."

ಅವಳು ಫೈಲಿನ ಮೇಲೆ ಕಣ್ಣಾಡಿಸಿದಳು. "ಸಾರ್, ಇದು ನಮ್ಮಪ್ಪಂದು."

"ಗೊತ್ತಮ್ಮ, ಅದಕ್ಕೇ ನಿಮಗೆ ಕೊಡ್ತಿರೋದು. ಕುಡಿದು ಕಾಲುಜಾರಿ ಬಿದ್ದ ಅಂತ ಆಗ್ಲೇ ಬರ್ದಿದಾರೆ. ಆದ್ರೆ ಯಾವನೋ ಡಾಕ್ಟರು ಹೊಟ್ಟೇಲಿ ಹೆಂಡ ಇರ್ಲಿಲ್ಲ ಅಂತ ಒಂದು ಸಾಲು ಗೀಚಿಬಿಟ್ಟ. ಅಲ್ಲಿಂದ ಇದು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಈಗ ಧಣಿಗಳು ಕಾರ್ಖಾನೆ ಮಾರ್ತಿದಾರೆ. ಕೊಳ್ಳೋರು ಹೊರಗಿನೋರು, ತುಂಬಾ ಮಡಿವಂತರು. ಇತ್ಯರ್ಥ ಆಗ್ದೇ ಇರೋ ಸಾವು ಇರಬಾರದಂತೆ." ಸಾಹೇಬರು ಬಿಸ್ಕತ್ತು ಕಡಿದರು. ಪುಡಿ ಮೀಸೆಗೆ ಅಂಟಿತು. "ತೆಗೀರಿ, ಸರಿಯಾಗಿ ಮುಚ್ಚಿ. ಮಗಳೇ ವಿಚಾರಿಸಿ ಮುಚ್ಚಿದಳು ಅಂದ್ರೆ ಇನ್ಯಾರು ಬಾಯಿ ಬಿಡ್ತಾರೆ?"

ಅವರ ಬುದ್ಧಿವಂತಿಕೆ ಅವರಿಗೇ ಎಷ್ಟು ಹಿಡಿಸಿತೆಂದರೆ ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು. ಅವಳು ಆ ಪುಡಿ ಹತ್ತಿದ ಮೀಸೆಯನ್ನೇ ನೋಡಿದಳು. "ಆಯ್ತು ಸಾರ್" ಎಂದು ಫೈಲು ಎತ್ತಿಕೊಂಡು ಬಂದಳು.

ಫೈಲಿನಲ್ಲಿ ಒಂದು ಫೋಟೊ ಇತ್ತು. ಅಪ್ಪ ಗುಂಡಿಯ ಪಕ್ಕದಲ್ಲಿ ಅಂಗಾತ ಮಲಗಿದ್ದ. ತಲೆಯಿಂದ ಪಾದದವರೆಗೆ ರಾಡಿ. ಮುಖ ಗುರುತೇ ಹತ್ತದು. ಕಾಲಲ್ಲಿ ಮಾತ್ರ ಎರಡೂ ಚಪ್ಪಲಿ ಇದ್ದವು, ಅವೂ ಒಣಗಿದ, ಚೊಕ್ಕಟವಾದ ಚಪ್ಪಲಿ.

ಅವಳು ಫೋಟೊ ಮಗುಚಿಟ್ಟು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಮತ್ತೆ ನೋಡಿದಳು. ಅಪ್ಪ ಕುಡಿಯುತ್ತಲೇ ಇರಲಿಲ್ಲ ಎಂದೇನೂ ಅಲ್ಲ. ಕುಡಿಯದೆ ಆ ಗುಂಡಿಗೆ ಇಳಿಯುವ ಗಂಡಸು ಆ ಕೇರಿಯಲ್ಲೇ ಇರಲಿಲ್ಲ. ಕುಡಿದೇ ಬಿದ್ದ ಎಂದುಕೊಳ್ಳೋಣ. ಮೈಯೆಲ್ಲ ರಾಡಿಯಲ್ಲಿ ಮುಳುಗೆದ್ದವನ ಚಪ್ಪಲಿಗೆ ಮಾತ್ರ ಒಂದು ಹನಿ ಹತ್ತಲಿಲ್ಲವೇ?

ಇನ್ನೊಂದು ಸಂಗತಿಯೂ ಇತ್ತು. ಅಪ್ಪನ ಎಡಗಾಲ ಚಪ್ಪಲಿಯ ಹಿಮ್ಮಡಿ ಪಟ್ಟಿ ಹರಿದಿತ್ತು. ಅಪ್ಪ ಅದನ್ನು ಹೊಲಿಸಲೇ ಇಲ್ಲ, ಚರಕ್ ಚರಕ್ ಎಂದು ಎಳೆದುಕೊಂಡೇ ನಡೆಯುತ್ತಿದ್ದ. ಆ ಸದ್ದಿನಿಂದಲೇ ಅವಳಿಗೆ ಅಪ್ಪ ಬಂದ ಎಂದು ಗೊತ್ತಾಗುತ್ತಿತ್ತು. ಫೋಟೊದಲ್ಲಿ ಆ ಹರಿದ ಪಟ್ಟಿಯನ್ನು ಸೆಣಬಿನ ದಾರದಿಂದ ಕಾಲಿಗೆ ಬಿಗಿದು ಕಟ್ಟಿದ್ದರು. ದಾರವನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ತೂರಿಸಿದ ಗಂಟು. ಮೇಲೆ ನಿಂತು ಹಗ್ಗ ಹಿಡಿಯುವವರು ಗುಂಡಿಗೆ ಇಳಿಯುವವನ ಸೊಂಟಕ್ಕೆ ಹಾಕುವ ಗಂಟು ಅದು. ಅವಳು ಸ್ಕೂಲಿಗೆ ಹೋಗುವಾಗ ಅವಳ ಬೂಟಿನ ಲೇಸಿಗೂ ಒಬ್ಬರು ದಿನಾ ಅದೇ ಗಂಟು ಹಾಕುತ್ತಿದ್ದರು. ಯಾರೆಂದು ಅವಳಿಗೆ ತಕ್ಷಣ ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು.

ಮರುದಿನ ಕಾರ್ಖಾನೆಗೆ ಹೋದಳು. ಮ್ಯಾನೇಜರ್ ಹಲ್ಲು ಕಿರಿದು, ಉಗ್ರಾಣದಿಂದ ಹೊಸ ಗಂಬೂಟು ತರಿಸಿ ಕೆಲಸದವರಿಗೆಲ್ಲ ಹಂಚಿಸಿದ. ಬೆಲೆ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ನೋಡುವವರು ಬಂದಾಗ ಬೂಟು ಹೊರಗೆ ಬರುತ್ತವೆ, ಅವರು ಹೋದ ಮೇಲೆ ಒಳಗೆ ಹೋಗುತ್ತವೆ. ಅಪ್ಪನ ಕಾಲದಿಂದಲೂ ಇದೇ ನಾಟಕ. ಪಾತ್ರಧಾರಿಗಳು ಬದಲಾಗಿದ್ದರು, ಬೂಟು ಅವೇ ಇರಬೇಕು.

ರಾಡಿ ಗುಂಡಿ ಹಿಂಬದಿಯಲ್ಲಿತ್ತು. ಮುಚ್ಚಳ ತೆರೆದಿತ್ತು, ಕೊಳೆತ ಮೊಟ್ಟೆಯಂಥ ವಾಸನೆ ಮೂಗಿಗೆ ರಾಚಿತು. ಗುಂಡಿಯ ಬಾಯಲ್ಲಿ ಒಂದು ಜೊತೆ ಹಳೇ ಚಪ್ಪಲಿ ಇತ್ತು. ಅವಳು ಬಗ್ಗಿ ನೋಡಲು ಹೋದಾಗ ಪಕ್ಕದಲ್ಲಿ ಹಗ್ಗ ಹಿಡಿದು ನಿಂತಿದ್ದ ಹೆಂಗಸು ಕೂಗಿದಳು.

"ಅಮ್ಮಾ, ಅದನ್ನ ಮುಟ್ಟಬೇಡಿ! ನನ್ನ ಗಂಡ ಒಳಗಿದಾನೆ."

"ಗೊತ್ತು ಕಣಮ್ಮ. ಮುಟ್ಟಲ್ಲ."

"ಸಾಹೇಬ್ರ ಕಡೆಯೋರಿಗೆ ಗೊತ್ತಿರಲ್ಲ ಅಂತ ಹೇಳ್ದೆ. ಮೊನ್ನೆ ಮ್ಯಾನೇಜರ್ರು ಗಲೀಜು ಅಂತ ಕಾಲಲ್ಲಿ ತಳ್ಳಿಬಿಟ್ಟಿದ್ರು."

ಗುಂಡಿಗೆ ಇಳಿಯುವವನು ಚಪ್ಪಲಿಯನ್ನು ಬಾಯಲ್ಲೇ ಬಿಟ್ಟು ಇಳಿಯಬೇಕು. ಚಪ್ಪಲಿ ಅಲ್ಲಿದ್ದರೆ ಒಳಗೆ ಮನುಷ್ಯನಿದ್ದಾನೆ ಎಂದು ಅರ್ಥ. ಆಗ ಯಾರೂ ಮುಚ್ಚಳ ಹಾಕುವುದಿಲ್ಲ, ಯಾರೂ ಮೇಲಿಂದ ನೀರು ಬಿಡುವುದಿಲ್ಲ. ಬೋರ್ಡು, ಗಂಟೆ, ಕಾವಲು ಏನನ್ನೂ ಕೊಡದ ಕಾರ್ಖಾನೆಯಲ್ಲಿ ಆ ಜನ ತಾವೇ ಮಾಡಿಕೊಂಡ ಕಾನೂನು ಅದು. ಗುಂಡಿಗೆ ಇಳಿದವನ ಕಾಲಲ್ಲಿ ಚಪ್ಪಲಿ ಇರುವುದೇ ಇಲ್ಲ. ಸತ್ತವನ ಕಾಲಿಗೆ ಚಪ್ಪಲಿ ತೊಡಿಸಿದರೆ, ಕೆಲಸಕ್ಕೆ ಇಳಿದವನಲ್ಲ, ದಾರಿಯಲ್ಲಿ ಹೋಗುತ್ತ ಜಾರಿ ಬಿದ್ದವನು ಎಂದು ಕಾಣುತ್ತಾನೆ ಎಂಬ ಉಪಾಯ ಗುಂಡಿಗೆ ಎಂದೂ ಇಳಿಯದವನಿಗೆ ಮಾತ್ರ ಹೊಳೆದೀತು.

ಅಲ್ಲಿಂದ ಅವಳು ನೇರವಾಗಿ ಚಿಕ್ಕಪ್ಪನ ಮನೆಗೆ ಹೋದಳು. ಕಾರ್ಖಾನೆಯ ಕ್ವಾರ್ಟರ್ಸು, ಒಳಗೇ ನಲ್ಲಿ ಇದ್ದ ಮನೆ. ಕೇರಿಯವರಲ್ಲಿ ಅಂಥದ್ದು ಮೇಸ್ತ್ರಿಯಾದ ಚಿಕ್ಕಪ್ಪನಿಗೆ ಮಾತ್ರ. ಚಿಕ್ಕಮ್ಮ "ಕೈ ತೊಳ್ಕೋ ಪುಟ್ಟೀ, ಬಡಿಸ್ತೀನಿ" ಎಂದಳು. ಪುಟ್ಟಿ ಕೈ ತೊಳೆಯಲಿಲ್ಲ. ಫೋಟೊ ತೆಗೆದು ಚಿಕ್ಕಪ್ಪನ ತಟ್ಟೆಯ ಪಕ್ಕ ಇಟ್ಟಳು.

"ಚಿಕ್ಕಪ್ಪ, ಈ ಗಂಟು ಯಾರು ಹಾಕಿದ್ದು?"

ಚಿಕ್ಕಪ್ಪನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಫೋಟೊ ನೋಡಿದ. ಆಮೇಲೆ ತುತ್ತನ್ನು ತಟ್ಟೆಗೆ ಹಾಕಿ, ಕೈಯನ್ನು ಪಂಚೆಗೆ ಒರೆಸಿಕೊಂಡ.

"ಅವತ್ತು ದೊಡ್ಡ ಗಿರಾಕಿಗಳು ಬರೋರಿದ್ರು," ಎಂದ. "ಗುಂಡಿ ತುಂಬಿ ನಾರ್ತಿತ್ತು. ಮುಚ್ಚಳ ತೆಗ್ದು ಒಂದು ದಿನವಾದ್ರೂ ಗಾಳಿಗೆ ಬಿಡ್ಬೇಕು, ಇಲ್ದಿದ್ರೆ ಒಳಗಿರೋ ವಿಷಗಾಳಿ ಉಸಿರು ಕಟ್ಸತ್ತೆ. ಧಣಿ ಕೇಳ್ಲಿಲ್ಲ. ಈಗ್ಲೇ ಇಳೀರಿ ಅಂದ, ಒಂದು ಗುಟುಕು ಕುಡಿಯೋಕೂ ಬಿಡ್ಲಿಲ್ಲ. ಅಣ್ಣ ಇಳಿದ. ಹಗ್ಗ ನನ್ನ ಕೈಲಿತ್ತು."

"ಆಮೇಲೆ?"

"ಹಗ್ಗ ಸಡಿಲ ಆಯ್ತು. ಅಣ್ಣಾ ಅಂತ ಕೂಗ್ದೆ. ಮಾತಿಲ್ಲ. ಎಳ್ಕೊಳ್ಳೋಕೆ ಜನ ಕರೆಯೋಣ ಅಂದ್ರೆ ಧಣೀನೇ ಓಡಿ ಬಂದ. ಕಾರು ಗೇಟಿಗೆ ಬಂದುಬಿಟ್ಟಿತ್ತು. ಮುಚ್ಚಳ ಹಾಕು ಅಂದ. ಧಣಿ, ಅಣ್ಣ ಒಳಗಿದಾನೆ ಅಂದೆ. ಒಳಗಿದ್ರೆ ಎಲ್ಲಿಗೆ ಹೋಗ್ತಾನೋ, ಅವ್ರು ಈ ಕಡೆ ಬಂದು ಹೋಗ್ಲಿ, ಒಂದು ಗಳಿಗೆ ಅಂದ. ಅಣ್ಣನ ಚಪ್ಪಲೀನ ಕಾಲಲ್ಲಿ ಒದ್ದು ಪೀಪಾಯಿ ಹಿಂದಕ್ಕೆ ತಳ್ದ."

"ನೀನು?"

ಚಿಕ್ಕಪ್ಪ ತಲೆ ಎತ್ತಲಿಲ್ಲ. "ಹಾಕ್ದೆ."

ಚಿಕ್ಕಮ್ಮನ ಕೈಯಿಂದ ಸೌಟು ಜಾರಿತು.

"ನಂಗೆ ಹೊಸ ಬೂಟು ಹಾಕ್ಸಿದ್ರು. ಮುಚ್ಚಳದ ಮೇಲೆ ನಿಲ್ಸಿದ್ರು. ಬಂದೋರು ನೋಡಿ ಖುಷಿಪಟ್ರು, ನಿಮ್ಮ ಕೆಲ್ಸದೋರು ಎಷ್ಟು ನೀಟು ಅಂತ. ಫೋಟೊ ತೆಗೀತೀವಿ, ನಗಪ್ಪಾ ಅಂದ್ರು." ಚಿಕ್ಕಪ್ಪ ತಟ್ಟೆಯನ್ನು ದೂರ ಸರಿಸಿದ. "ನಕ್ಕೆ ಕಣೇ. ಹಗ್ಗ ಮುಚ್ಚಳದ ಸಂದೀಲಿ ಸಿಕ್ಕೊಂಡಿತ್ತು, ನನ್ನ ಕಾಲಡಿ. ಅದು ಎಳೀತು. ಕೆಳಗಿಂದ ಎಳೀತು. ಇನ್ನೊಂದ್ಸಲ ಎಳೀತು. ನಾನು ನಗ್ತಾ ನಿಂತಿದ್ದೆ."

ನಲ್ಲಿ ತೊಟ್ಟಿಕ್ಕುತ್ತಿತ್ತು.

"ಅವ್ರು ಟೀ ಕುಡಿಯೋಕೆ ಆಫೀಸಿಗೆ ಹೋದ್ಮೇಲೆ ಎತ್ತಿದ್ವಿ. ಆಗ ಜೀವ ಉಳ್ದಿರ್ಲಿಲ್ಲ. ಚಪ್ಪಲಿ ಹಾಕು ಅಂತ ಧಣಿ ಹೇಳ್ದ, ಹಾಕ್ದೆ. ಗಂಟು ಅವ್ನು ಹೇಳಿದ್ದಲ್ಲ. ಹರಿದ ಪಟ್ಟಿ ನೋಡಿ ಕೈ ತಾನಾಗೇ ಕಟ್ತು. ಹೋಗೋವಾಗಾದ್ರೂ ಜಾರಿ ಬೀಳ್ದೇ ಇರ್ಲಿ ಅಂತ."

"ಮೇಸ್ತ್ರಿಗಿರಿ ಆಮೇಲೆ ಬಂತು."

"ಹೂಂ."

"ಈ ಮನೆ?"

"ಹೂಂ."

"ನನ್ನ ಸ್ಕೂಲು?"

ಚಿಕ್ಕಪ್ಪ ಫೋಟೊ ಮಗುಚಿಟ್ಟ. ಸ್ಕೂಲಿನ ವೇದಿಕೆ ಹತ್ತಿ ಧಣಿಯ ಕೈಯಿಂದ ಬಹುಮಾನದ ಪೆನ್ನು ಇಸಿದುಕೊಂಡದ್ದು ಅವಳಿಗೆ ನೆನಪಾಯಿತು. ತುಂಬಾ ಥ್ಯಾಂಕ್ಸ್ ಸಾರ್ ಎಂದಿದ್ದಳು. ಅವನು ಕೆನ್ನೆ ಸವರಿದ್ದ. ಅವಳು ನಲ್ಲಿಯ ಹತ್ತಿರ ಓಡಿ ವಾಂತಿ ಮಾಡಿಕೊಂಡಳು. ಬೆಳಗಿನ ಕಾಫಿ ಮಾತ್ರ ಹೊರಬಂತು. ಇಷ್ಟು ವರ್ಷ ತಿಂದದ್ದೆಲ್ಲ ಹೊರಬಂದಿದ್ದರೂ ಅವಳಿಗೆ ಸಾಕೆನಿಸುತ್ತಿರಲಿಲ್ಲ.

ಚಿಕ್ಕಮ್ಮ ಗಂಡನನ್ನೇ ದಿಟ್ಟಿಸುತ್ತಿದ್ದಳು. "ಥೂ," ಎಂದಳು, ಮೆಲ್ಲಗೆ. "ಆ ಕೈಯಲ್ಲೇ ಉಂಡ್ಯಲ್ಲ ಇಷ್ಟು ದಿನ. ನನಗೂ ಉಣ್ಸಿದ್ಯಲ್ಲ."

"ಮುಚ್ಚಿಬಿಡು ಮಗಳೇ," ಚಿಕ್ಕಪ್ಪ ಅಂಗಲಾಚಿದ. "ನಿನ್ನ ಕಾಲು ಹಿಡ್ಕೋತೀನಿ. ಈ ವಯಸ್ಸಲ್ಲಿ ಜೈಲು ಕಾಣ್ಸಬೇಡ. ನಿನ್ನ ನೌಕರೀನೂ ಹೋಗತ್ತೆ."

ಅವನನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಅದೇ ಹೊತ್ತಿಗೆ, ಬಗ್ಗಿದ ಆ ತಲೆಯ ನೆರೆಗೂದಲು ಕಂಡು ಕರುಳು ಚುರುಕ್ ಎಂದಿತು. ಎರಡೂ ಒಟ್ಟಿಗೇ ಬಂದು, ತನ್ನ ಮೇಲೇ ಅಸಹ್ಯವಾಯಿತು.

"ನಾಳೆ ಬೆಳಿಗ್ಗೆ ಸಾಹೇಬರ ಕೋಣೇಲಿ ಕೇಸು ಮುಚ್ಚೋ ಕಾಗದಕ್ಕೆ ರುಜು ಹಾಕ್ಬೇಕಂತೆ. ಧಣೀನೂ ಬರ್ತಾನೆ," ಎಂದಳು. "ನಾನು ಹಾಕಲ್ಲ. ನೀನು ಬಂದು ಹೇಳಿದ್ರೆ ಧಣಿ ಸಿಕ್ಕಿಬೀಳ್ತಾನೆ, ನೀನೂ ಸಿಕ್ಕಿಬೀಳ್ತೀಯ. ಬರದಿದ್ರೆ ಇಬ್ಬರೂ ಬಚಾವ್. ಒಂದು ಫೋಟೊ, ಒಂದು ಗಂಟು ಇಟ್ಕೊಂಡು ನಾನೊಬ್ಬಳೇ ಏನೂ ಮಾಡೋಕಾಗಲ್ಲ. ಹಗ್ಗ ಇನ್ನೂ ನಿನ್ನ ಕೈಯಲ್ಲೇ ಇದೆ, ಚಿಕ್ಕಪ್ಪ."

ಅವಳು ಉಣ್ಣದೆ ಹೊರಟಳು. ಚಿಕ್ಕಮ್ಮ ತಡೆಯಲಿಲ್ಲ. ಅವಳೂ ಸೆರಗು ಸಿಕ್ಕಿಸಿಕೊಂಡು, ಕೇರಿಯ ಕಡೆ ದಾಪುಗಾಲು ಹಾಕಿದಳು.

ಬೆಳಿಗ್ಗೆ ಧಣಿ ಸಾಹೇಬರ ಕೋಣೆಯಲ್ಲಿ ಮೊದಲೇ ಬಂದು ಕೂತಿದ್ದ. ಮುದುಕನಾಗಿದ್ದ, ಆದರೂ ಕೆಂಪಗೆ, ನುಣ್ಣಗೆ. ಮೈಯಿಂದ ಸೆಂಟಿನ ವಾಸನೆ ಗಮ್ಮೆನ್ನುತ್ತಿತ್ತು. ಚರ್ಮದ ಕಾರ್ಖಾನೆಯ ದುಡ್ಡಿಗೆ ಅಂಥ ಸುವಾಸನೆ ಎಲ್ಲಿಂದ ಬರುತ್ತದೋ, ದೇವರೇ ಬಲ್ಲ.

"ನಮ್ಮ ಹುಡುಗಿ ಇದು," ಎಂದ ಧಣಿ ಸಾಹೇಬರಿಗೆ. "ನಾನೇ ಓದ್ಸಿದ್ದು. ಹ್ಯಾಗಿದೀಯಮ್ಮ?"

"ಸಾರ್, ಒಂದು ವಿಚಾರ," ಎಂದಳು ಅವಳು. "ನಮ್ಮಪ್ಪ ರಾಡೀಲಿ ಬಿದ್ದ ಅಂತೀರಿ. ಅವನ ಚಪ್ಪಲಿಗೆ ಯಾಕೆ ರಾಡಿ ಹತ್ಲಿಲ್ಲ?"

ಧಣಿ ಸಾಹೇಬರ ಕಡೆ ನೋಡಿದ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಅವಳ ಮುಂದಿಟ್ಟರು. "ಅದೆಲ್ಲ ಈಗ್ಯಾಕೆ? ರುಜು ಹಾಕಿ."

"ಹಾಕಲ್ಲ ಸಾರ್."

"ನೀವಲ್ಲದಿದ್ರೆ ಇನ್ನೊಬ್ಬರು ಹಾಕ್ತಾರೆ. ನಿಮ್ಮ ಯೂನಿಫಾರಂ ಬಿಚ್ಚಿಸೋಕೆ ನಂಗೆ ಎಷ್ಟು ಹೊತ್ತು ಬೇಕು? ಯಾರೋ ಸತ್ತ ಕೂಲಿಯವನಿಗೆ—"

ಮಾತು ಅರ್ಧಕ್ಕೆ ನಿಂತಿತು. ವಾಸನೆ ಮೊದಲು ಬಂತು. ಸುಣ್ಣ, ಕೊಳೆತ ಮಾಂಸ, ಸೀಮೆಎಣ್ಣೆ. ಧಣಿಯ ಸೆಂಟನ್ನು ಅದು ಒಂದೇ ಉಸಿರಿಗೆ ನುಂಗಿ ಹಾಕಿತು. ಹಿಂದೆಯೇ ಜನ ಬಂದರು. ಮುಂದೆ ಚಿಕ್ಕಪ್ಪ. ಅವನ ಬೆನ್ನಿಗೆ ಚಿಕ್ಕಮ್ಮ, ಗುಂಡಿಯ ಬಳಿ ಹಗ್ಗ ಹಿಡಿದಿದ್ದ ಹೆಂಗಸು, ಅವಳ ಗಂಡ, ಕಾರ್ಖಾನೆಯ ಕೆಲಸ ಬಿಟ್ಟು ಬಂದ ಇಡೀ ಕೇರಿ. ಒಬ್ಬೊಬ್ಬರೂ ಬಾಗಿಲಲ್ಲಿ ನಿಂತು, ಹೊಸ್ತಿಲ ಮೇಲೇ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು.

ಧಣಿ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡ. ಸಾಹೇಬರು ಚೀರಿದರು. "ಯಾರ್ರೀ ಇವರನ್ನ ಒಳಗೆ ಬಿಟ್ಟಿದ್ದು? ಏಯ್, ಇವರನ್ನ ಹೊರಗೆ ಹಾಕಿ ಬಾಗಿಲು ಮುಚ್ಚೋ!"

ಪೇದೆ ಬಾಗಿಲು ತಳ್ಳಿದ. ಬಾಗಿಲು ಚಪ್ಪಲಿ ರಾಶಿಗೆ ತಾಗಿ ನಿಂತಿತು. ರಾಶಿಯನ್ನು ಪಕ್ಕಕ್ಕೆ ಸರಿಸಲು ಅವನು ಬೂಟುಗಾಲು ಎತ್ತಿದ.

"ಒದೀಬೇಡಪ್ಪಾ," ಎಂದ ಚಿಕ್ಕಪ್ಪ. "ಒಳಗೆ ಜನ ಇದಾರೆ."

ಪೇದೆ ಎತ್ತಿದ ಕಾಲನ್ನು ಹಾಗೇ ಇಳಿಸಿದ. ಅವಳು ಸಾಹೇಬರ ಮೇಜಿನಿಂದಲೇ ಒಂದು ಬಿಳಿ ಹಾಳೆ ಎಳೆದುಕೊಂಡು, ಸಾಹೇಬರು ಮುಂದಿಟ್ಟ ಪೆನ್ನನ್ನೇ ಎತ್ತಿಕೊಂಡಳು.

"ಹೇಳು, ಚಿಕ್ಕಪ್ಪ."

ಚಿಕ್ಕಪ್ಪ ಧಣಿಯ ಕಡೆ ಬೆರಳು ಮಾಡಿದ.

"ಮುಚ್ಚಳ ಹಾಕಿದ್ದು ನಾನು. ಹಾಕು ಅಂದದ್ದು ಇವ್ನು. ಆಗ ಅಣ್ಣಂಗೆ ಜೀವ ಇತ್ತು. ಬರ್ಕೋ."