ಇಬ್ಬರು ಅಣ್ಣಂದಿರ ನಡುವಿನ ಕುರ್ಚಿ

ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ಈ ಬುರಿತೋ ಗಂಟಲಲ್ಲಿ ಸಿಕ್ಕಿಕೊಂಡು ಇದೇ ಟ್ರಕ್ಕಿನ ಮೇಲೆ ನನ್ನ ಪ್ರಾಣ ಹೋಗಲಿ. ನೋಡು ವೆಂಡೆಲ್, ನುಂಗಿದೆ. ಬದುಕಿದ್ದೇನೆ. ಇನ್ನು ನಂಬದಿರುವುದಕ್ಕೆ ನಿನಗೆ ಕಾರಣವಿಲ್ಲ.

ನೀನು ಕೇಳಿದ್ದು ಸಣ್ಣ ಪ್ರಶ್ನೆ. ನನ್ನ ದೊಡ್ಡಣ್ಣ ಸೆಲೆದೋನಿಯೋ ಹುಬ್ಬನ್ನು ಪೆನ್ಸಿಲಿನಲ್ಲಿ ಯಾಕೆ ಬರೆದುಕೊಳ್ಳುತ್ತಾನೆ ಅಂತ. ಅಗೋ, ಮೇಲೆ ಹಾರುತ್ತಿರುವ ಆ ಹಳದಿ ಬಿಸಿಗಾಳಿ ಬಲೂನು ಅವನದೇ. ಇಳಿಯಲು ಇನ್ನೂ ಅರ್ಧ ಗಂಟೆ ಬೇಕು. ಅವನು ಇಳಿದ ಕಡೆ ಟ್ರಕ್ಕು ಓಡಿಸಿಕೊಂಡು ಹೋಗಿ, ಬಲೂನು ಮಡಚಿ ತುಂಬಿಕೊಂಡು, ಹನ್ನೆರಡಕ್ಕೆ ಸರಿಯಾಗಿ ಅಮ್ಮನ ಮನೆಗೆ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ನಿನ್ನನ್ನು ತಲುಪಿಸುವುದು ನನ್ನ ಕೆಲಸ. ನೀನು ನಮ್ಮ ರಮೋನಾಳನ್ನು ಮದುವೆಯಾಗುವವನು, ಅಷ್ಟು ದೂರದ ಮಿನೆಸೋಟಾದಿಂದ ಬಂದವನು. ನಿನ್ನ ಕುರ್ಚಿ ಯಾವುದು ಅಂತ ಅಮ್ಮ ಆಗಲೇ ಹೇಳಿಬಿಟ್ಟಿದ್ದಾಳೆ. ಒಂದು ಕಡೆ ಸೆಲೆದೋನಿಯೋ, ಇನ್ನೊಂದು ಕಡೆ ನನ್ನ ಚಿಕ್ಕಣ್ಣ ಅಬುಂದಿಯೋ, ಅಂದರೆ ರಮೋನಾಳ ಅಪ್ಪ, ನಿನ್ನ ಮಾವ. ನಡುವೆ ನೀನು. ಕೂರಲಿಕ್ಕೆ ಹೊಸ ದಿಂಬು ಕೂಡ ಹೊಲಿದಿದ್ದಾಳೆ. ಹೋದ ನಾಲ್ಕು ವರ್ಷ ಆ ಕುರ್ಚಿಯಲ್ಲಿ ಕೂತವನು ನಾನು. ನೀನು ಕೂರದಿದ್ದರೆ ಈ ವರ್ಷವೂ ನಾನೇ. ಹಾಗಾಗಿ ನಿನ್ನನ್ನು ಹೆದರಿಸುವುದರಿಂದ ನನಗೆ ಏನೂ ಲಾಭವಿಲ್ಲ. ನನ್ನ ಬಾಯಲ್ಲಿ ಉಳಿದಿರುವುದು ಹನ್ನೊಂದು ಹಲ್ಲು. ಅವುಗಳ ಮೇಲೆ ನನಗೆ ಪ್ರೀತಿ ಇದೆ.

ಹುಬ್ಬಿನ ವಿಷಯಕ್ಕೆ ಬರುತ್ತೇನೆ.

ಅಬುಂದಿಯೋ ಆಗ ನದಿಯಾಚೆ ಟರ್ಕಿ ಕೋಳಿ ಸಾಕುತ್ತಿದ್ದ. ಒಂದು ವರ್ಷ ಇದೇ ಬಲೂನು ಮೇಳದಲ್ಲಿ ಸೆಲೆದೋನಿಯೋ ತೀರಾ ತಗ್ಗಿನಲ್ಲಿ ಹಾರಿಕೊಂಡು ಹೋಗಿ, ಸರಿಯಾಗಿ ಟರ್ಕಿಗಳ ನೆತ್ತಿಯ ಮೇಲೆ, ಬಲೂನಿಗೆ ಬೆಂಕಿಯೂದುವ ಬರ್ನರ್ ಎಳೆದ. ಆ ಸದ್ದು ಬೆಳಿಗ್ಗೆ ಕೇಳಿದೆಯಲ್ಲ, ನೀನೇ ಕಾಫಿ ಚೆಲ್ಲಿಕೊಂಡೆ. ಟರ್ಕಿ ಹೆದರಿದರೆ ದಿಕ್ಕಾಪಾಲಾಗಿ ಓಡುವುದಿಲ್ಲ, ಮೂಲೆಗೆ ಹೋಗಿ ಒಂದರ ಮೇಲೊಂದು ಹತ್ತುತ್ತದೆ. ಇನ್ನೂರ ಹನ್ನೆರಡು ಟರ್ಕಿ ಒಂದೇ ಮೂಲೆಯಲ್ಲಿ ಗುಡ್ಡೆಯಾದವು. ಕೆಳಗಿನವು ಉಸಿರುಕಟ್ಟಿ ಸತ್ತವು. ಮೇಲಿನವು ಕೆಳಗಿನವು ಸತ್ತದ್ದು ನೋಡಿ ಸತ್ತವು. ಹಬ್ಬದೂಟಕ್ಕೆ ಮೂರು ದಿನ ಬಾಕಿ ಇತ್ತು.

ಅಷ್ಟಾದ ಮೇಲೆ ಸೆಲೆದೋನಿಯೋ ಅದೇ ಹೊಲದಲ್ಲಿ ಇಳಿದ. ಯಾರ ಹೊಲದಲ್ಲಿ ಇಳಿದರೆ ಅವರ ಕೈಗೆ ಒಂದು ಬಾಟಲಿ ಶಾಂಪೇನ್ ಕೊಟ್ಟು ಟೋಪಿ ತೆಗೆಯಬೇಕು. ಬಲೂನಿನವರಲ್ಲಿ ಗುರುತಿಲ್ಲದವನಿಗೂ ತಪ್ಪಿಸದ ಮರ್ಯಾದೆ ಅದು.

ಅಬುಂದಿಯೋ ಸತ್ತ ಕೋಳಿಗಳನ್ನು ದಾಟಿಕೊಂಡು ಬಂದು ಕೈ ಚಾಚಿದ. "ಕೋಳಿ ಹೋಗ್ಲಿ. ಬಾಟ್ಲಿ ಎಲ್ಲಿ?"

"ತಮ್ಮನಿಗೆ ಎಂಥ ಬಾಟ್ಲಿಯೋ," ಅಂದ ಸೆಲೆದೋನಿಯೋ. "ನೀನೇನು ಹೊರಗಿನವನಾ?"

ಅಬುಂದಿಯೋ ಒಳಗೆ ಹೋಗಿ ಟ್ರ್ಯಾಕ್ಟರಿನ ಸ್ಪ್ಯಾನರ್ ತಂದು ಅಣ್ಣನ ಮಂಡಿಚಿಪ್ಪು ಒಡೆದ. ಆ ಸದ್ದು ಅಷ್ಟೇನೂ ದೊಡ್ಡದಲ್ಲ, ವಾಲ್‌ನಟ್ ಒಡೆದ ಹಾಗೆ. ಆಮೇಲೆ ಗೇಟಿಗೆ ಸರಪಳಿ ಬಿಗಿದು ಬೀಗ ಹಾಕಿದ. "ಇನ್ನೊಂದ್ಸಲ ನಿನ್ನ ಬಲೂನು ನನ್ನ ಬೇಲಿ ದಾಟಿದ್ರೆ ಹೊಡೆದು ಉರುಳಿಸ್ತೀನಿ. ಬುಟ್ಟೀಲಿ ಯಾರಿದ್ರೂ ಸರಿ," ಅಂದ. ಎರಡು ವರ್ಷ ಹಬ್ಬದೂಟಕ್ಕೆ ಅವನು ಬರಲಿಲ್ಲ. ಎರಡೂ ವರ್ಷ ಅಮ್ಮ ಅವನ ತಟ್ಟೆಗೆ ಬಡಿಸಿ, ಯಾರೂ ಮುಟ್ಟದಂತೆ ನೋಡಿಕೊಂಡು, ಸಂಜೆ ನಾಯಿಗೆ ಹಾಕಿದಳು. ಆ ನಾಯಿ ಈಗ ಮೇಜಿನ ಮೇಲೇ ಊಟ ಕೇಳುತ್ತದೆ.

ಮೂರನೆಯ ವರ್ಷ ಹಬ್ಬದ ದಿನ ಅಮ್ಮ ನಸುಕಿಗೇ ಎದ್ದು ಟರ್ಕಿ ಬೇಯಿಸಿದಳು. ಹತ್ತು ಲೀಟರಿನ ಪಾತ್ರೆ ತುಂಬ ಕೆಂಪು ಮೆಣಸಿನ ಗೊಜ್ಜು ಮಾಡಿದಳು. ಎರಡನ್ನೂ ಹೊರಿಸಿಕೊಂಡು ಸೀದಾ ಈ ಮೈದಾನಕ್ಕೆ ಬಂದು ಬಲೂನಿನ ಬುಟ್ಟಿಗೆ ಹತ್ತಿದಳು. ಅವಳಿಗೆ ಆಗ ಎಪ್ಪತ್ತೊಂಬತ್ತು.

"ಅಮ್ಮಾ, ಇಳಿ. ಅವನು ಗುಂಡು ಹೊಡೀತಾನೆ," ಅಂದ ಸೆಲೆದೋನಿಯೋ.

"ಗೇಟಿಗೆ ತಾನೇ ಬೀಗ ಹಾಕಿರೋದು. ಆಕಾಶಕ್ಕೆ ಹಾಕಿಲ್ವಲ್ಲ. ಬಾಟ್ಲಿ ತಗೊಂಡಿದ್ದೀಯಾ?"

"ತಗೊಂಡಿದ್ದೀನಿ."

"ಅವನ ಕೈಗೆ ನೀನೇ ಕೊಡ್ಬೇಕು. ತಪ್ಪಾಯ್ತು ಅಂತ ಹೇಳ್ಬೇಕು. ಹೇಳ್ಲಿಲ್ಲ ಅಂದ್ರೆ ಮೇಲಿಂದ ನಿನ್ನನ್ನೇ ನೂಕ್ತೀನಿ."

ಎಂಟು ಗಂಟೆಯ ಗಾಳಿ ನದಿಯ ಕಡೆಯಿಂದ ಅಬುಂದಿಯೋನ ಹೊಲಕ್ಕೇ ಬೀಸುತ್ತದೆ, ಅದು ನಮ್ಮೂರಿನಲ್ಲಿ ಮಕ್ಕಳಿಗೂ ಗೊತ್ತು. ಅಮ್ಮ ಲೆಕ್ಕ ಹಾಕಿಯೇ ಹತ್ತಿದ್ದಳು. ಹಾಕದೇ ಬಿಟ್ಟ ಲೆಕ್ಕ ಒಂದೇ. ಬುಟ್ಟಿಯ ಅಂಚು ನಾಲ್ಕಡಿ ಒಂದಿಂಚು. ಅಮ್ಮ ನಾಲ್ಕಡಿ. ಕೆಳಗಿನಿಂದ ನೋಡಿದವರಿಗೆ ಬುಟ್ಟಿಯಲ್ಲಿ ಕಾಣುವುದು ಸೆಲೆದೋನಿಯೋ ಒಬ್ಬನೇ.

ನಾನು ಇದೇ ಟ್ರಕ್ಕಿನಲ್ಲಿ ಹಿಂಬಾಲಿಸಿದೆ. ಗೇಟು ಮುಚ್ಚಿತ್ತು, ಗುದ್ದಿಕೊಂಡೇ ಒಳಗೆ ಹೋದೆ. ಆ ಬಂಪರ್ ಸೊಟ್ಟಗಿರುವುದು ಅದಕ್ಕೇ. ಅಬುಂದಿಯೋ ಕೊಟ್ಟಿಗೆಯ ಮಾಡಿನ ಮೇಲೆ ರೈಫಲ್ ಹಿಡಿದು ಕೂತಿದ್ದ. ಬೇಲಿಯ ಮೇಲೆ ಬಲೂನಿನ ನೆರಳು ಬಿದ್ದದ್ದೇ ಮೊದಲ ಗುಂಡು ಹಾರಿಸಿದ. ಬಲೂನಿಗೆ ಗುಂಡು ತಾಗಿದರೆ ಟುಸ್ ಅಂತ ಬೀಳುವುದಿಲ್ಲ ವೆಂಡೆಲ್, ಅಷ್ಟು ದೊಡ್ಡ ಬಟ್ಟೆಗೆ ಅದು ಸೊಳ್ಳೆ ಕಚ್ಚಿದ ಹಾಗೆ. ಏಳು ತೂತು ಬಿದ್ದರೂ ಬಲೂನು ತನ್ನ ಪಾಡಿಗೆ ಬರುತ್ತಲೇ ಇತ್ತು. ಅದು ಅಬುಂದಿಯೋನಿಗೆ ಅವಮಾನ ಅನ್ನಿಸಿತು. ಎಂಟನೆಯದನ್ನು ಬುಟ್ಟಿಗೇ ಹೊಡೆದ.

ಎಂಟನೆಯ ಗುಂಡು ಗೊಜ್ಜಿನ ಪಾತ್ರೆಯನ್ನು ತೂರಿ ಹೋಯಿತು. ಒಂಬತ್ತನೆಯದು ಟರ್ಕಿಯ ಎದೆಯಲ್ಲಿ ನಿಂತಿತು. ಪಾತ್ರೆಯ ತೂತು ಮುಚ್ಚಲು ಸೆಲೆದೋನಿಯೋ ಬಗ್ಗಿದ. ಕೆಳಗಿದ್ದವನಿಗೆ ಕಂಡದ್ದು ಇಷ್ಟೇ: ಅಣ್ಣನ ತಲೆ ಮಾಯ, ಬುಟ್ಟಿಯ ಬೆತ್ತದ ಸಂದಿಯಿಂದ ಕೆಂಪು ಧಾರೆ. ಹತ್ತು ಲೀಟರ್. ಒಬ್ಬ ಮನುಷ್ಯನಲ್ಲಿ ಅಷ್ಟು ರಕ್ತ ಇರುವುದಿಲ್ಲ ಅಂತ ಲೆಕ್ಕ ಹಾಕುವ ಸ್ಥಿತಿಯಲ್ಲಿ ಅವನಿರಲಿಲ್ಲ.

ರೈಫಲ್ ಬಿಸಾಕಿ ಮಾಡಿನಿಂದ ಹಾರಿದ. ಎಡಗಾಲಿನ ಮೂಳೆ ಮುರಿದು ಚರ್ಮದಿಂದಾಚೆ ಬಂತು. ಅದೇ ಕಾಲೂರಿಕೊಂಡು "ಅಣ್ಣಾ, ಅಣ್ಣಾ" ಅಂತ ಕೂಗುತ್ತ ಓಡಿದ. ಬಲೂನು ನಡೆಸುವವನಿಲ್ಲದೆ ಬಂದು, ಅವನು ಹೊಸದಾಗಿ ಸಾಕಿದ್ದ ಟರ್ಕಿಗಳ ದೊಡ್ಡಿಗೆ ಅಪ್ಪಳಿಸಿತು. ಬುಟ್ಟಿ ಬೇಲಿ ಕಿತ್ತು, ಟರ್ಕಿಗಳನ್ನು ಅರೆದುಕೊಂಡು ಎಂಬತ್ತು ಗಜ ಜಾರಿ ಅಡ್ಡ ಬಿತ್ತು. ಆಮೇಲೆ ಒಂದು ವಾರ ನಮ್ಮೂರಿನಲ್ಲಿ ಎಲ್ಲರೂ ಪುಕ್ಕ ಸೀನಿದರು.

ಅಬುಂದಿಯೋ ಒಳಗೆ ಕೈ ಹಾಕಿ ಅಣ್ಣನನ್ನು ಹೊರಗೆಳೆದ. ತಲೆಯಿಂದ ಬೂಟಿನವರೆಗೆ ಕೆಂಪು. ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮುಖ ಒರೆಸುತ್ತ, ಗೊಳೋ ಅಂತ ಅತ್ತ. "ಕಣ್ಣು ಬಿಡೋ ಅಣ್ಣ, ಬಾಟ್ಲಿ ಬೇಡ ನಂಗೆ." ಅಳುವ ಬಾಯಿಗೆ ಬೆರಳು ತಾಗಿತು. ನೆಕ್ಕಿದ. ಅಳು ನಿಂತಿತು. ಇನ್ನೊಂದು ಸಲ ನೆಕ್ಕಿದ.

"ಇದು ಅಮ್ಮನ ಗೊಜ್ಜು."

"ಹೂಂ," ಅಂದ ಸೆಲೆದೋನಿಯೋ, ಕಣ್ಣು ಬಿಡದೆ.

"ಅಮ್ಮ ಎಲ್ಲಿ?"

"ಬುಟ್ಟಿಯೊಳಗೆ."

"ನನ್ನ ಕೈಲಿ ಅಮ್ಮನ ಮೇಲೆ ಗುಂಡು ಹೊಡೆಸಿದ್ಯಾ?" ಅಂತ ಕೇಳಿ ಅಬುಂದಿಯೋ ತೊಡೆಯ ಮೇಲಿದ್ದ ಮುಖಕ್ಕೆ ಮುಷ್ಟಿಯಿಂದ ಗುದ್ದಿದ. ಮೂಗು ಕೆನ್ನೆಯ ಕಡೆಗೆ ತಿರುಗಿತು. ಈಗ ನಿಜವಾದ ರಕ್ತ ಬಂತು, ಆದರೆ ಗೊಜ್ಜಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಸೆಲೆದೋನಿಯೋ ಎದ್ದು, ಅಮ್ಮ ಹೇಳಿದ ಹಾಗೆ, ಬಾಟಲಿಯನ್ನು ತನ್ನ ಕೈಯಾರೆ ತಮ್ಮನಿಗೆ ಕೊಟ್ಟ. ನೆತ್ತಿಯ ಮೇಲೆ ಕೊಟ್ಟ. "ತಪ್ಪಾಯ್ತು," ಅಂತಲೂ ಹೇಳಿದ, ಅವನು ಮಾತಿಗೆ ತಪ್ಪುವವನಲ್ಲ. ಅಬುಂದಿಯೋ ನೊರೆ ಸುರಿಸಿಕೊಂಡು ಬಿದ್ದ, ಬಿದ್ದಲ್ಲೇ ಸಿಕ್ಕಿದ ಹುಲ್ಲಿನ ಕವಲುಗೋಲನ್ನು ಅಣ್ಣನ ತೊಡೆಗೆ ಚುಚ್ಚಿದ. ಮೂರು ಹಲ್ಲಿನ ಗೋಲು. ಮೂರೂ ಒಳಗೆ ಹೋದವು. ಬಿಡಿಸಲು ಹೋದ ನನಗೆ ಇಬ್ಬರೂ ಒಂದೊಂದು ಕೊಟ್ಟರು, ನಾಲ್ಕು ಹಲ್ಲು ಹೋಯಿತು. ಅಷ್ಟರಲ್ಲಿ ಸೆಲೆದೋನಿಯೋ ತಮ್ಮನ ಕತ್ತಿಗೆ ಬಲೂನಿನ ಹಗ್ಗ ಸುತ್ತಿ ಎಳೆಯುತ್ತಿದ್ದ. ಅಬುಂದಿಯೋನ ಮುಖ ಬದನೆಕಾಯಿಯ ಬಣ್ಣಕ್ಕೆ ಬಂದಿತ್ತು.

ಆಗ ಅಮ್ಮ ಬರ್ನರ್ ಎಳೆದಳು.

ಬುಟ್ಟಿ ಅಡ್ಡ ಬಿದ್ದಿತ್ತಲ್ಲ, ಆಕಾಶಕ್ಕೆ ಹೋಗಬೇಕಾದ ಬೆಂಕಿ ನೆಲದುದ್ದಕ್ಕೂ ಬಂತು. ಇಪ್ಪತ್ತು ಅಡಿ. ಸೆಲೆದೋನಿಯೋನ ಹುಬ್ಬು, ಅಬುಂದಿಯೋನ ಮೀಸೆ, ಕತ್ತಿಗೆ ಸುತ್ತಿದ ಹಗ್ಗ, ಎಲ್ಲ ಒಂದೇ ಉಸಿರಿಗೆ ಬೂದಿಯಾದವು. ಅವನ ಹುಬ್ಬು ಮತ್ತೆ ಬೆಳೆಯಲಿಲ್ಲ. ಸರಿ, ನಿನ್ನ ಪ್ರಶ್ನೆಗೆ ಉತ್ತರ ಆಯಿತು.

ಅಮ್ಮ ಟರ್ಕಿಯನ್ನು ತಬ್ಬಿಕೊಂಡು ಹೊರಗೆ ಬಂದಳು. "ಊಟ ತಣ್ಣಗಾಗ್ತಿದೆ. ಮೂಳೆ ಕಾಣ್ತಿರೋನು ಕಾಲು ಒಳಗೆ ಹಾಕ್ಕೊಂಡು ಬಾ. ಇನ್ನೊಬ್ಬ, ಕವಲುಗೋಲು ಹೊರಗೇ ಬಿಟ್ಟು ಬಾ."

ಅಬುಂದಿಯೋನ ಅಡುಗೆಮನೆಯಲ್ಲೇ ಉಂಡೆವು. ಒಂಬತ್ತನೆಯ ಗುಂಡು ನನ್ನ ಪಾಲಿನ ತುಂಡಿನಲ್ಲಿತ್ತು, ದವಡೆಹಲ್ಲು ಹೋಯಿತು. ಅವತ್ತಿನಿಂದ ಇಬ್ಬರೂ ಪ್ರತಿ ವರ್ಷ ಒಂದೇ ಮೇಜಿಗೆ ಬರುತ್ತಾರೆ. ಅಮ್ಮನಿಗೆ ಬೇಕಾದದ್ದು ಅಷ್ಟೇ. ಅಷ್ಟಕ್ಕಾಗಿ ನಡುವೆ ಒಂದು ಕುರ್ಚಿ, ಅದರಲ್ಲಿ ಒಬ್ಬ ಮನುಷ್ಯ.

ಯಾಕೆ ಎದ್ದೆ? ಕೂತ್ಕೋ ಅಳಿಯ. ಕಾಲು ಜೋಮು ಹಿಡೀತಾ? ಹೇಳುವಷ್ಟು ಭಯಂಕರ ಏನಿಲ್ಲ ಆ ಕುರ್ಚಿ. ಊಟ ಮುಗಿಯುವ ತನಕ ಇಬ್ಬರೂ ಹಸುವಿನ ಹಾಗಿರುತ್ತಾರೆ. ತೊಂದರೆ ಇರುವುದು ಕೊನೆಯಲ್ಲಿ, ಒಬ್ಬೊಬ್ಬರಾಗಿ ಈ ವರ್ಷ ತಮಗೆ ಯಾವುದಕ್ಕೆ ಕೃತಜ್ಞತೆ ಅಂತ ಹೇಳುವಾಗ ಮಾತ್ರ. ನಿಮ್ಮ ಮನೆಯಲ್ಲೂ ಹೇಳುತ್ತೀರಲ್ಲ, ಅದೇ. ಹೋದ ವರ್ಷ ಅಬುಂದಿಯೋ ಎದ್ದು ನಿಂತು, "ನನ್ನ ಗುರಿ ತಪ್ಪಿದ್ದಕ್ಕೆ ದೇವರಿಗೆ ಕೃತಜ್ಞ," ಅಂದ. ಎಷ್ಟು ಒಳ್ಳೆಯ ಮಾತು. ಅಮ್ಮ ಕಣ್ಣೊರೆಸಿಕೊಂಡಳು. ಸೆಲೆದೋನಿಯೋ ಎದ್ದು, "ಅಷ್ಟು ದೊಡ್ಡ ಬಲೂನು, ಅಷ್ಟು ಹತ್ತಿರ, ಆದ್ರೂ ಬೀಳಿಸಕ್ಕಾಗದ ತಮ್ಮನ್ನ ಕೊಟ್ಟಿದ್ದಕ್ಕೆ ನಾನೂ ಕೃತಜ್ಞ," ಅಂದ.

ಟರ್ಕಿ ಕೊಯ್ಯುವ ಚಾಕು ಆಗ ಅಬುಂದಿಯೋನ ಕೈಯಲ್ಲಿತ್ತು. ಅವನು ನನ್ನ ಮೇಲೆ ಬೀಸಲಿಲ್ಲ, ಅದನ್ನು ನಾನು ಆಣೆ ಇಟ್ಟು ಹೇಳುತ್ತೇನೆ. ನಾನು ನಡುವೆ ಇದ್ದೆ, ಅಷ್ಟೇ. ನೋಡು ಈ ಕಿವಿ, ಹತ್ತಿರ ಬಾ, ಇದು ಪೂರ್ತಿಯಾಗಿಲ್ಲ, ಮೇಲಿನ ತುಂಡು ಹಾರಿ ಎದುರಿನವರ ತಟ್ಟೆಯ ಆಲೂಗಡ್ಡೆಯಲ್ಲಿ ಬಿತ್ತು, ಹುಡುಕುವಷ್ಟರಲ್ಲಿ ಅದರ ಮೇಲೆ ಗೊಜ್ಜು ಸುರಿದುಕೊಂಡು ತಿಂದಾಗಿತ್ತು, ತಿಂದದ್ದು ಯಾರು ಅಂತ ಕೇಳಿದರೆ ನೀನು ನಗುತ್ತೀಯ, ನಮ್ಮ ರಮೋನಾಳೇ, ಅವಳು ಅದನ್ನು ಅಗಿಯುತ್ತ "ಸ್ವಲ್ಪ ಗಟ್ಟಿ ಇದೆ" ಅಂತ, ವೆಂಡೆಲ್, ಅಮ್ಮನ ಮನೆ ಆ ಕಡೆ ಅಲ್ಲ ಕಣೋ, ಅದು ಬಸ್‌ಸ್ಟ್ಯಾಂಡು, ಇನ್ನೂ ಕಾಫಿ ಉಳಿದಿದೆ, ನಿನಗೋಸ್ಕರ ಅಮ್ಮ ಆ ಕುರ್ಚಿಗೆ ಹೊಸ ದಿಂಬು…