ತಿಳಿಯಾದ ಗಂಟಲು

ಲಾಂಡ್ರಿಯಲ್ಲಿ ನನ್ನಕ್ಕನನ್ನು ಎಲ್ಲರೂ ಮೈಕು ಎಂದೇ ಕರೆಯುತ್ತಿದ್ದರು. ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಸಾಲಾಗಿ ನಿಂತ ಡ್ರೈಯರುಗಳು ದಿನವಿಡೀ ಗುಡುಗುತ್ತಿದ್ದವು. ಒಣಗಿದ ಬಟ್ಟೆ ಹೊರಗೆ ಬೀಳುವ ಕಡೆ ಅಕ್ಕ ನಿಂತು, ಅಂಚಿಗೆ ಹೊಲಿದ ದಾರದ ಬಣ್ಣ ನೋಡಿ, ಯಾವುದು ಯಾವ ಗಾಡಿಗೆ ಎಂದು ಕೂಗಬೇಕು. ಹೆರಿಗೆ ವಾರ್ಡು. ಮಕ್ಕಳ ವಾರ್ಡು. ಆಪರೇಷನ್. ಗಾಡಿ ತಳ್ಳುವವರು ಆ ತುದಿಯಲ್ಲಿರುತ್ತಿದ್ದರು, ಅವರಿಗೆ ಕೇಳಿಸಬೇಕು.

ಶಾಲೆ ಬಿಟ್ಟ ಮೇಲೆ ನಾನೂ ಅಲ್ಲಿಗೇ ಸೇರಿದೆ. ನನಗೆ ಕೂಗುವುದಕ್ಕೆ ಬಾಯೇ ಬರುವುದಿಲ್ಲ. ಕೈಸನ್ನೆಯಲ್ಲೇ ಕೆಲಸ ಸಾಗಿಸುತ್ತಿದ್ದೆ. "ತಂಗಿ ಪಾಲಿನ ಬಾಯನ್ನೂ ಅಕ್ಕನೇ ತಗೊಂಡು ಹುಟ್ಟಿದ್ದಾಳೆ" ಎಂದು ಮೇಸ್ತ್ರಿ ನಗುತ್ತಿದ್ದ.

ವಾರದ ಕೊನೆಗೆ ಅಕ್ಕ ಒಂದು ಹೋಟೆಲಿನ ಬಾರಿನಲ್ಲಿ ಇಂಗ್ಲಿಷಿನ ಸೋಲ್ ಹಾಡುಗಳನ್ನು ಹಾಡುತ್ತಿದ್ದಳು. ಅಲ್ಲಿ ಕೀಬೋರ್ಡು ನುಡಿಸುತ್ತಿದ್ದ ಪಕ್ಕದ ಮನೆಯವನೇ ಅವಳನ್ನು ಕರೆದುಕೊಂಡು ಹೋಗಿದ್ದ. ಎದೆಯೊಳಗಿರುವುದನ್ನೆಲ್ಲ ಹೊರಗೆಳೆದು ಹಾಡುವುದೇ ಸೋಲ್ ಎಂದು ಅವಳು ಅಮ್ಮನಿಗೆ ವಿವರಿಸಿದ್ದಳು. "ಒಳಗಿರೋದು ಒಳಗೇ ಇರ್ಲಿ ಬಿಡೇ, ಊರಿಗೆಲ್ಲ ಯಾಕೆ ಹಂಚ್ತೀಯ" ಎಂದಿದ್ದಳು ಅಮ್ಮ. ಹಾಗೆಂದವಳೇ ಅಕ್ಕನ ಕಪ್ಪು ಗೌನಿಗೆ ತಾನೇ ಇಸ್ತ್ರಿ ಹಾಕಿಡುತ್ತಿದ್ದಳು.

ಅಕ್ಕನ ದನಿ ಒರಟು. ಮೇಲಿನ ಸ್ವರಕ್ಕೆ ಹೋದಾಗ ಅದು ಸೀಳಿಕೊಂಡು, ಇನ್ನೇನು ನಿಂತೇಹೋಯಿತು ಅನ್ನುವಾಗ ಮತ್ತೆ ಬರುತ್ತಿತ್ತು. ಆಗ ಬಾರಿನಲ್ಲಿ ಮಾತು ನಿಲ್ಲುತ್ತಿತ್ತು. ನಾನು ಅಡುಗೆಮನೆ ಬಾಗಿಲ ಪಕ್ಕ ನಿಂತು ಜನರ ಮುಖ ನೋಡುತ್ತಿದ್ದೆ. ಒಬ್ಬ ದಪ್ಪನೆಯ ಮನುಷ್ಯ ಗ್ಲಾಸನ್ನು ತುಟಿಯ ಹತ್ತಿರ ಹಿಡಿದುಕೊಂಡು, ಹಾಡು ಮುಗಿಯುವವರೆಗೂ ಕುಡಿಯದೆ ಕೂತಿದ್ದ.

ಒಂದು ದಿನ ಹೋಟೆಲಿನ ಮ್ಯಾನೇಜರು ಅಕ್ಕನನ್ನು ಕರೆದು, ಇನ್ನು ಮೇಲೆ ದಿನಾ ಸಂಜೆ ಹಾಡು, ಬೇರೆ ಕೆಲಸ ಬಿಟ್ಟುಬಿಡು ಎಂದ. ಅಕ್ಕ ಬಹಳ ದಿನದಿಂದ ಕಾಯುತ್ತಿದ್ದದ್ದು ಅದೇ ಮಾತಿಗೆ. ಮರುದಿನವೇ ಹೋಗಿ ಲಾಂಡ್ರಿ ಬಿಟ್ಟಳು. "ಯೋಚನೆ ಮಾಡು ಮೈಕೇ, ಬಿಟ್ಟ ಜಾಗ ಹಾಗೇ ಖಾಲಿ ಕೂತಿರಲ್ಲ" ಎಂದ ಮೇಸ್ತ್ರಿ. "ಕೂತಿರೋದು ಬೇಡ, ಯಾರಿಗಾದ್ರೂ ಕೊಟ್ಬಿಡಿ" ಎಂದು ಅಕ್ಕ ನಕ್ಕಳು.

ಮನೆಯಲ್ಲಿ ಆ ಗಂಟಲಿಗೆ ಪಹರೆ ಶುರುವಾಯಿತು. ಅಮ್ಮ ಬಿಸಿನೀರು ಕಾಯಿಸಿ ಕಾಯಿಸಿ ಕೊಟ್ಟಳು. ಕಿಟಕಿ ಮುಚ್ಚಿದಳು, ಒಗ್ಗರಣೆಯ ಘಾಟು ಬರದಂತೆ ನೋಡಿಕೊಂಡಳು. "ಮಾತಾಡ್ಬೇಡ, ಸನ್ನೆ ಮಾಡು ಸಾಕು" ಎಂದು ಅಕ್ಕನ ಬಾಯಿಗೆ ಬೀಗ ಹಾಕಿದಳು. ನನ್ನ ಲಾಂಡ್ರಿಯ ಸನ್ನೆಗಳೆಲ್ಲ ಆಗ ಮನೆಗೆ ಬಂದವು. ಊಟಕ್ಕೆ ಕೂತರೆ ಮೂವರೂ ಮೂಕರ ಹಾಗೆ ಕೈ ಆಡಿಸುತ್ತಿದ್ದೆವು, ನಗು ತಡೆಯಲಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಷ್ಟು ಸಂತೋಷ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮೊದಲು ಗೊತ್ತಾದದ್ದು ನನಗೇ ಇರಬೇಕು. ಒಂದು ಬೆಳಿಗ್ಗೆ ಅಕ್ಕ ಬಚ್ಚಲಿನಲ್ಲಿ ಗುನುಗುತ್ತಿದ್ದಳು. ಬೇರೆ ಯಾರೋ ಬಂದಿದ್ದಾರೆ ಅಂದುಕೊಂಡೆ. ಸೀಳು ಇರಲಿಲ್ಲ. ದನಿ ತಿಳಿಯಾಗಿ, ನುಣ್ಣಗೆ, ತೊಳೆದಿಟ್ಟ ಹಾಗಿತ್ತು. ಅಮ್ಮನಿಗೆ ಖುಷಿ. "ನೋಡು, ಈಗ ಹೇಗೆ ಬಿಟ್ಕೊಂಡಿದೆ ಗಂಟಲು." ವರ್ಷಗಟ್ಟಲೆ ಡ್ರೈಯರುಗಳ ಗದ್ದಲ ಮೀರಿಸಿ ಕೂಗಿ ಕೂಗಿ ಕಟ್ಟಿಕೊಂಡಿದ್ದ ಗಂಟಲು, ಕೂಗು ನಿಂತದ್ದೇ ವಾಸಿಯಾಗಿಬಿಟ್ಟಿತ್ತು.

ಬಾರಿನಲ್ಲಿ ಈಗ ಅಕ್ಕ ಹಾಡುವಾಗ ಜನ ಮಾತಾಡುತ್ತಿದ್ದರು. ಅಕ್ಕ ಕಣ್ಣು ಮುಚ್ಚಿ ಹಾಡುವವಳು, ನೋಡಿರಲಾರಳು. ಆದರೆ ಕೇಳಿಸಿರಬೇಕು. ಒಂದು ಸಂಜೆ ಹಾಡು ಮುಗಿದ ಮೇಲೆ ಮ್ಯಾನೇಜರು ಹತ್ತಿರ ಬಂದ.

"ಏನಮ್ಮಾ, ಹುಷಾರಿಲ್ವಾ?"

"ಚೆನ್ನಾಗಿದೀನಿ ಸರ್. ಮುಂಚೆಗಿಂತ ಈಗಲೇ ಹುಷಾರು."

"ಹಾಗಾದ್ರೆ ಅದೇ ತೊಂದ್ರೆ ಇರ್ಬೇಕು" ಎಂದ. ತಮಾಷೆಗೆ ಹೇಳಿದ ಹಾಗೆ ಕಾಣಲಿಲ್ಲ.

ಕೀಬೋರ್ಡಿನವನನ್ನು ಅಕ್ಕ ದಾರಿಯಲ್ಲಿ ಹಿಡಿದು ನಿಲ್ಲಿಸಿ, ಇದ್ದದ್ದು ಇದ್ದ ಹಾಗೆ ಹೇಳು ಎಂದಳು. ಅವನು ಕೀಬೋರ್ಡಿನ ಚೀಲವನ್ನು ಆ ಹೆಗಲಿಂದ ಈ ಹೆಗಲಿಗೆ ಬದಲಾಯಿಸಿದ. "ಮೊದಲು ನಿನ್ನ ಗಂಟಲಲ್ಲಿ ಮರಳು ಇತ್ತು ಅಕ್ಕಾ. ಈಗ ಹಾಲು ಹುಯ್ದಂಗಿದೆ. ಬಾರಿಗೆ ಬಂದು ಹಾಲು ಯಾರು ಕುಡೀತಾರೆ ಹೇಳು."

ಆ ವಾರ ಅಕ್ಕ ನನ್ನನ್ನು ರೈಲುಸೇತುವೆಯ ಕೆಳಗೆ ಕರೆದುಕೊಂಡು ಹೋದಳು. ರೈಲು ಬಂದಾಗಲೆಲ್ಲ ಎರಡೂ ಕೈ ಸೊಂಟಕ್ಕೆ ಕೊಟ್ಟು ಕೂಗಿದಳು. ಕೂಗುವುದಕ್ಕೆ ಬೇರೆ ಮಾತು ಹೊಳೆಯದೆ ಲಾಂಡ್ರಿಯ ಮಾತನ್ನೇ ಕೂಗಿದಳು. ಹೆರಿಗೆ ವಾರ್ಡು. ಮಕ್ಕಳ ವಾರ್ಡು. ಸೈಕಲಿನವನೊಬ್ಬ ನಿಂತು, "ಆಸ್ಪತ್ರೆ ಈ ಕಡೆ ಇಲ್ಲಮ್ಮ" ಎಂದು ದಾರಿ ತೋರಿಸಿದ. ನನಗೆ ನಗು ಬಂತು. ಅಕ್ಕ ನಗಲಿಲ್ಲ.

"ಹಳೇದು ಬಂತಾ?" ಎಂದು ನನ್ನನ್ನು ಕೇಳಿದಳು.

ನಾನು ತಲೆಯಾಡಿಸಿದೆ, ಇಲ್ಲವೆಂದು.

"ನಾಳೆ ಇನ್ನೂ ಜೋರಾಗಿ ಕೂಗ್ತೀನಿ."

ಹಾಗೆ ನಾಲ್ಕಾರು ದಿನ ಕೂಗಿದಳು. ಕೊನೆಗೆ ಬಂದದ್ದು ಒರಟು ದನಿಯಲ್ಲ. ಗಂಟಲು ಊದಿಕೊಂಡು ದನಿಯೇ ಹೊರಡದಾಯಿತು. ವೈದ್ಯೆ ಟಾರ್ಚು ಹಾಕಿ ನೋಡಿ, ಇದನ್ನು ಬೇಕೆಂದೇ ಮಾಡಿಕೊಂಡಿರಾ ಎಂದು ಕೇಳಿದರು. ಅಕ್ಕ ಹೂಂ ಎಂದಳು, ಗಾಳಿ ಮಾತ್ರ ಹೊರಗೆ ಬಂತು. "ಮತ್ತೆ ಹೀಗೆ ಮಾಡಿದ್ರೆ ಮಾತಾಡೋಕೂ ಉಳಿಯಲ್ಲ" ಎಂದರು ವೈದ್ಯೆ. ಅಮ್ಮ ಮತ್ತೆ ಬಿಸಿನೀರು ಕಾಯಿಸಿದಳು. ಈ ಸಲ ಊಟಕ್ಕೆ ಕೂತಾಗ ಯಾರೂ ಕೈ ಆಡಿಸಿ ನಗಲಿಲ್ಲ.

ಊತ ಇಳಿಯಿತು. ದನಿ ಬಂತು, ಅದೇ ತಿಳಿಯಾದ ದನಿ. ಅಷ್ಟರಲ್ಲಿ ಬಾರಿನಲ್ಲಿ ಇನ್ನೊಬ್ಬಳು ಹಾಡುತ್ತಿದ್ದಳು. ಬೆಳಗಿನ ಹೊತ್ತು ಅವಳು ಮಾರುಕಟ್ಟೆಯಲ್ಲಿ ಕೂಗಿ ಕೂಗಿ ಮೀನು ಮಾರುತ್ತಾಳಂತೆ. ಕೀಬೋರ್ಡಿನವನು ಅದನ್ನು ಅಕ್ಕನಿಗೆ ಹೇಳದೆ ನನಗೆ ಹೇಳಿದ. ನಾನೂ ಅಕ್ಕನಿಗೆ ಹೇಳಲಿಲ್ಲ.

ಅಕ್ಕ ಲಾಂಡ್ರಿಗೆ ಮರಳಿದಳು. ಅವಳು ನಿಲ್ಲುತ್ತಿದ್ದ ಕಡೆ ಈಗ ದೀಪದ ಹಲಗೆ ಇತ್ತು. ಗುಂಡಿ ಒತ್ತಿದರೆ ಆ ತುದಿಯಲ್ಲಿ ಬಣ್ಣ ಹತ್ತುತ್ತಿತ್ತು, ಕೂಗುವ ಕೆಲಸವೇ ಇಲ್ಲ. "ನಿನ್ನ ಜಾಗಕ್ಕೆ ಮನುಷ್ಯರನ್ನೇ ಇಡಲಿಲ್ಲ ನೋಡು ಮೈಕೇ, ಅಷ್ಟು ಮರ್ಯಾದೆ ನಿಂಗೆ" ಎಂದ ಮೇಸ್ತ್ರಿ. ಅವಳನ್ನು ಮಡಿಸುವ ಕೋಣೆಗೆ ಹಾಕಿದ. ಗಾಜಿನ ಬಾಗಿಲು ಮುಚ್ಚಿದರೆ ಅಲ್ಲಿ ಪಿಸುಮಾತೂ ಕೇಳುತ್ತದೆ.

ಮಡಿಸುವ ಕೋಣೆಯ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಅವಳು ಕೆಲಸ ಬಿಡುವ ದಿನ ಒಂದು ಹಾಡು ಹಾಡು ಎಂದು ಎಲ್ಲರೂ ಅಕ್ಕನನ್ನು ಒತ್ತಾಯ ಮಾಡಿದರು. ಆಗ ನಾನು ಗಾಡಿ ತಂದು ಬಾಗಿಲಲ್ಲೇ ನಿಂತಿದ್ದೆ. ಅಕ್ಕ ಬಾರಿನಲ್ಲಿ ಹಾಡುತ್ತಿದ್ದ ಹಾಡನ್ನೇ ಹಾಡಿದಳು. ಒಂದು ಸ್ವರವೂ ಆಚೀಚೆ ಆಗಲಿಲ್ಲ. ಎರಡನೆಯ ನುಡಿ ಶುರುವಾಗುವ ಮೊದಲೇ ಮೂಲೆಯಲ್ಲಿದ್ದವಳು ದಿಂಬಿನ ಚೀಲ ಮಡಿಸತೊಡಗಿದಳು. ಅವಳನ್ನು ನೋಡಿ ಪಕ್ಕದವಳೂ ಶುರುಮಾಡಿದಳು.

"ಎಷ್ಟು ಚೆಂದ ಮಗಳೇ, ಎಳೇ ಮಗು ಹಾಡಿದ ಹಾಗೆ" ಎಂದಳು ದೊಡ್ಡಮ್ಮ.

ಅಕ್ಕ ಹಾಡು ಮುಗಿಸಿ ನನ್ನ ಗಾಡಿಯ ಹತ್ತಿರ ಬಂದಳು.

"ಹೇಗಿತ್ತೇ?"

"ಚೆನ್ನಾಗಿತ್ತು."

"ಹೂಂ" ಎಂದಳು. "ಎಲ್ರೂ ಹಾಗೇ ಅಂದ್ರು."

ಗಾಡಿಯಿಂದ ಒಂದು ಹಾಸು ಎಳೆದು ನನ್ನ ಕಡೆಯ ತುದಿಯನ್ನು ನನಗೆ ಕೊಟ್ಟಳು. ಇಬ್ಬರೂ ಹಿಡಿದು ಒದರಿ ಮಡಿಸಿದೆವು.