ಮುಳ್ಳು ಬಾರದ ಕುಸುರೆಳ್ಳು

"ಮುಳ್ಳು ಎಲ್ಲದಾವ?" ಎಂದಳು ಮಹಾದೇವಕ್ಕ, ತಾಟಿನಂಥ ಅಗಲ ಪರಾತಕ್ಕೆ ಮೂಗು ತಾಗುವಷ್ಟು ಬಗ್ಗಿ.

ಪರಾತದಲ್ಲಿ ಕುಸುರೆಳ್ಳು ಹೋಮಿಯೋಪತಿ ಗುಳಿಗೆಗಳಂತೆ ನುಣ್ಣಗೆ ಹೊಳೆಯುತ್ತಿತ್ತು. ಒಂದೊಂದು ಎಳ್ಳಿನ ಮೈಮೇಲೂ ಸಕ್ಕರೆಯ ಮುಳ್ಳೆಬ್ಬಿಸಿ ಬಿಜಾಪುರದ ಅರ್ಧ ಓಣಿಗೆ ಸಂಕ್ರಾಂತಿ ಮಾಡಿಸುತ್ತಿದ್ದ ಹೆಂಗಸು ಆಕೆ. ಮುಂಬಯಿ ಮಗ್ಗುಲಿನ ಡೊಂಬಿವಲಿಯ ಈ ಚಾಳಿನಲ್ಲಿ ಮೂರು ದಿನ ನಸುಕಿನಲ್ಲೆದ್ದು, ಶೇಗಡಿಯ ಕೆಂಡದ ಮೇಲೆ ಪರಾತವಿಟ್ಟು, ಚಮಚೆ ಚಮಚೆ ಪಾಕ ಹನಿಸಿ ಬೆರಳಾಡಿಸಿದರೂ ಮುಳ್ಳಿನ ಸುಳಿವಿಲ್ಲ. ಮೊದಲ ದಿನ ರೇಷನ್ ಸಕ್ಕರೆಯನ್ನು ಬೈದಳು, ಎರಡನೆಯ ದಿನ ನಳದ ನೀರನ್ನು. ಮೂರನೆಯ ದಿನ ಇಡೀ ಮುಂಬಯಿ ಕಟಕಟೆಯಲ್ಲಿ ನಿಂತಿತ್ತು.

ಆಕೆ ಬಂದದ್ದು ತಮ್ಮನ ಮಗಳು ಬಾಗಿಯನ್ನು ಊರಿಗೆ ಕರೆದೊಯ್ಯಲು. ಹತ್ತು ವರ್ಷದ ಬಾಗಿಯ ಎಡಗಾಲನ್ನು ಪೋಲಿಯೋ ತಿಂದಿತ್ತು. ಸಾಲೆಯ ನಾಲ್ಕನೇ ಇಯತ್ತೆ ಮೂರನೇ ಮಾಳಿಗೆಯಲ್ಲಿತ್ತು. ಹುಡುಗಿಯನ್ನು ದಿನಾ ಹೊತ್ತೊಯ್ಯುವವರು ಯಾರೆಂದು ಹೆಡ್‌ಮಾಸ್ತರರು ಕೈಚೆಲ್ಲಿದ್ದರು. ಅಂದಿನಿಂದ ತಾಯಿ ಸುಶೀಲಾಬಾಯಿಯೇ ಮಾಸ್ತರು, ಅಡಿಗೆಮನೆಯೇ ಸಾಲೆ. ಈ ಸಾಲೆಯಲ್ಲಿ ಹಬ್ಬಕ್ಕೆ ರಜೆಯಿಲ್ಲ, ಹಬ್ಬವೇ ಪಾಠ. ಪಂಚಮಿಗೆ ಅರಳು ಯಾಕೆ ಸಿಡಿಯುತ್ತದೆಂದು ಒಣ ಜೋಳ, ತೊಯ್ದ ಜೋಳ ಬೇರೆಬೇರೆ ಹುರಿದು ನೋಡಿದ್ದರು. ದೀಪಾವಳಿಗೆ ಆಕಾಶಬುಟ್ಟಿಯೊಳಗೆ ಕಾಗದದ ಚಕ್ರ ತೂಗಿಬಿಟ್ಟು, ದೀಪದ ಬಿಸಿಗೆ ಅದು ತಾನಾಗಿ ತಿರುಗುವುದನ್ನು ಇಡೀ ಚಾಳಿಗೆ ತೋರಿಸಿದ್ದರು. ಆಮೇಲೆ ಶುರುವಾದದ್ದು ಹಪ್ಪಳದ ಪಾಠ, ಅದನ್ನು ಬರೆದಿಡಲು ಬಾಗಿಗೊಂದು ವಹಿ. ಸುಶೀಲಾಬಾಯಿ ಓದಿದ್ದು ಏಳನೆಯವರೆಗೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ, ನೋಡೋಣ ಎನ್ನುವ ಧೈರ್ಯ ಮಾತ್ರ ಎಂ.ಎ. ಪಾಸಾಗಿತ್ತು.

"ಹಪ್ಪಳ ಮುರದು ವಹಿಯಾಗ ಬರಕೊಂಡ್ರ ಸಾಲಿ ಆಕ್ಕೈತೇನ?" ಎಂದು ಮಹಾದೇವಕ್ಕ ಬಂದ ದಿನವೇ ತೀರ್ಪು ಕೊಟ್ಟಿದ್ದಳು. "ನನ್ನ ಕಡೆ ಇರಲಿ. ನಾಕ್ ರೊಟ್ಟಿ ಬಡ್ಯಾಕರ ಕಲೀತಾಳ."

ಅಕ್ಕನ ಮುಂದೆ ಊಟಕ್ಕಷ್ಟೇ ಬಾಯಿ ತೆರೆಯುವ ಬಾಗಿಯ ಅಪ್ಪ ಗುರುಪಾದಪ್ಪ, ಕಲ್ಯಾಣದ ಸ್ಟೇಶನ್ನಿಗೆ ಹೋಗಿ ಸಂಕ್ರಾಂತಿಯ ಬೆನ್ನಿಗೆ ಬರುವ ಕರಿಯ ಮರುದಿನಕ್ಕೆ ಒಂದು ಪೂರ್ತಿ, ಒಂದು ಅರ್ಧ ಟಿಕೀಟು ತಂದಿಟ್ಟಿದ್ದ. ಬಾಗಿಯ ಲಂಗಗಳು ಟ್ರಂಕು ಸೇರಿದ್ದವು.

ಈಗ ಬಾಗಿ ಗೋಡೆ ಹಿಡಿದುಕೊಂಡು ಬಂದು ಪರಾತ ನೋಡಿದಳು.

"ಅತ್ತಿ, ನಿಂದು ಟೈಮ್ ಗಲತ್ ಐತಿ."

"ಯಾವ ಟೈಮವಾ? ನಮ್ಮವ್ವನ ಕಾಲದಿಂದ ನಸಿಕಿನ್ಯಾಗ ಮಾಡ್ತೀವಿ. ಥಂಡಿ ಬೇಕದಕ್ಕ."

"ಥಂಡಿ ನಹೀ. ಒಣಾ ಹವಾ ಬೇಕು." ಬಾಗಿ ವಹಿ ಬಿಚ್ಚಿದಳು. ದೀಪಾವಳಿಯಿಂದ ದಿನಕ್ಕೆ ಮೂರು ಸಲ ಹೊರಗಿನ ಗ್ಯಾಲರಿಯಲ್ಲಿಟ್ಟ, ಕರಿಯದ ಹಪ್ಪಳವನ್ನು ಮುರಿದು ಬರೆದಿದ್ದಳು. ಮುಂಜಾನೆಯ ಸಾಲಿನಲ್ಲಿ ಬರೀ 'ಬಾಗಿತು'. ಮಧ್ಯಾಹ್ನ ಎರಡರಿಂದ ನಾಲ್ಕರ ಸಾಲಿನಲ್ಲಿ 'ಮುರಿಯಿತು'. "ನಿಮ್ಮೂರಾಗ ನಸಿಕಿನ್ಯಾಗೂ ಹವಾ ಒಣಾನ ಇರ್ತಿರಬೇಕು. ಇಲ್ಲಿ ಮಗ್ಗಲಾಗ ಸಮುದ್ರದ ಖಾಡಿ ಐತಿ. ಮುಂಜಾನೆ ಹಪ್ಪಳಾನ ಒಣಗಂಗಿಲ್ಲ, ನಿನ್ನ ಪಾಕ ಹ್ಯಾಂಗ ಒಣಗ್ತೈತಿ?"

ಅಕ್ಷರ ಬಾರದ ಮಹಾದೇವಕ್ಕ ವಹಿಯನ್ನು ತಿರುವಿ ನೋಡಿದಳು. "ಮಧ್ಯಾಹ್ನ ಮಾಡೋಣು. ಮುಳ್ಳು ಬರಲಿಲ್ಲಂದ್ರ ಈ ವಹಿ ಒಲಿಗೆ. ಸುಮ್ನ ನನ್ನ ಸಂಗಾಟ ಬರಬೇಕು."

"ಬಂದ್ರ, ಅಕ್ಕಾರ?" ಹಿಟ್ಟು ಮೆತ್ತಿದ ಕೈಯಲ್ಲಿ ಸುಶೀಲಾಬಾಯಿ ಕೇಳಿದಳು. ಗಂಡನ ಅಕ್ಕನಿಗೆ ಆಕೆ ಎದುರು ಮಾತಾಡಿದ್ದು ಅದೇ ಮೊದಲು.

ಮಹಾದೇವಕ್ಕ ಡಬ್ಬಿಯ ತಳದ ಕೊನೆಯ ಹಿಡಿ ಎಳ್ಳನ್ನು ಸೆರಗಿಗೆ ಸುರುವಿಕೊಂಡಳು.

ಎರಡೂವರೆಗೆ ಗ್ಯಾಲರಿಯಲ್ಲಿ ಹಪ್ಪಳ ಟಪ್ಪೆಂದಿತು. "ಚಾಲೂ ಮಾಡು," ಎಂದಳು ಬಾಗಿ. ಅರ್ಧ ಚಮಚೆಯಷ್ಟೇ ಪಾಕ, ಅದು ಪೂರ್ತಿ ಒಣಗಿದ ಮೇಲೆ ಇನ್ನರ್ಧ. ನಾಲ್ಕಕ್ಕೆ ಹಪ್ಪಳ ಬಾಗತೊಡಗಿತು. "ಬಸ್, ನಿಲ್ಸು." ಅರವತ್ತು ವರ್ಷದಲ್ಲಿ ಯಾರೂ ನಿಲ್ಲಿಸದಿದ್ದ ಕೈ ನಿಂತಿತು. ಎಳ್ಳು ಬಿಳುಪಾಗಿತ್ತು, ಅಷ್ಟೇ. ಮಹಾದೇವಕ್ಕ ಅದನ್ನು ನಾಳೆಯ ಪಾಕಕ್ಕೆಂದು ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಳ ಮುಚ್ಚಿದಳು. ಸುಶೀಲಾಬಾಯಿ ಆ ಸಂಜೆ ಟ್ರಂಕಿನ ಕಡೆ ನೋಡದೆ ಕಸ ಗುಡಿಸಿದಳು.

ಮರುದಿನ ಭೋಗಿ. ಮತ್ತೆ ಎರಡೂವರೆ, ಮತ್ತೆ ಶೇಗಡಿ. ಮೂರೂವರೆಯ ಹೊತ್ತಿಗೆ ಪರಾತದ ಸದ್ದು ಬದಲಾಯಿತು; ಸರಸರ ಎನ್ನುತ್ತಿದ್ದದ್ದು ಗರಗರ ಎನ್ನತೊಡಗಿತು. ಮಹಾದೇವಕ್ಕ ಒಂದು ಕಾಳನ್ನು ಅಂಗೈಗಿಟ್ಟು ಗ್ಯಾಲರಿಯ ಬೆಳಕಿಗೆ ನಡೆದಳು. ಹೆಬ್ಬೆರಳಿಂದ ಒತ್ತಿದಳು.

"ಚುಚ್ಚತೈತಿ," ಎಂದಳು ಮೆಲ್ಲಗೆ. ಆಮೇಲೆ ಬಾಗಿಯ ಬೆರಳು ಹಿಡಿದು ಅದರ ತುದಿಗೂ ಒತ್ತಿದಳು. "ನೀನೂ ನೋಡ ಬೇಕಾರ. ಮತ್ತ ವಹಿಯಾಗ ಬರಕೊ."

ಕರಿ ಕಳೆದ ಬೆಳಿಗ್ಗೆ ಟ್ರಂಕಿನಿಂದ ಲಂಗಗಳನ್ನು ಹೊರತೆಗೆದವಳು ಮಹಾದೇವಕ್ಕನೇ. ಆ ಜಾಗದಲ್ಲಿ ಒಂದು ಕಟ್ಟು ಉದ್ದಿನ ಹಪ್ಪಳ ಇಟ್ಟುಕೊಂಡಳು.

"ಅಕ್ಕ, ಅರ್ಧ ಟಿಕೀಟು?" ಗುರುಪಾದಪ್ಪ ಕೇಳಿದ.

"ಅದನ್ನ ಅಕೀಗೆ ಕೊಡು. ಆಡ್ಲಿ."

ಫೆಬ್ರವರಿಯಲ್ಲಿ ಬಿಜಾಪುರದಿಂದ ದಪ್ಪನೆಯ ಲಕೋಟೆ ಬಂತು. ವಿಳಾಸ ಬೇರೆ ಯಾರದೋ ಕೈಬರಹ. ಒಳಗೆ ಕಾಗದವಿರಲಿಲ್ಲ, ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿದ ಒಂದು ಹಪ್ಪಳ, ಎರಡು ಹೋಳು, ಮುರಿದ ಅಂಚು ನೆಟ್ಟಗಿತ್ತು. ಹಾಳೆಯ ಮೂಲೆಯಲ್ಲಿ ಇದ್ದಿಲಿನಿಂದ ಒಂದು ಗುಂಡನೆಯ ಸೂರ್ಯ, ಕೆಳಗೆ ಅಡ್ಡಗೆರೆ: ಆಗತಾನೆ ಹುಟ್ಟುತ್ತಿರುವುದು.

ಬಾಗಿ ವಹಿ ಬಿಚ್ಚಿದಳು. ಪುಟದ ಗುರುತಿಗಿಟ್ಟಿದ್ದ ಅರ್ಧ ಟಿಕೀಟು ತೆಗೆದು, ಅದರ ಅಂಚನ್ನೇ ಅಳತೆಪಟ್ಟಿಯಾಗಿ ಹಿಡಿದು ಹೊಸದೊಂದು ಗೆರೆ ಎಳೆದಳು. ಮೇಲೆ 'ಅತ್ತಿ' ಎಂದು, ಕೆಳಗೆ 'ಮುಂಜಾನೆ: ಮುರಿಯಿತು' ಎಂದು ಬರೆದಳು.